ಊಟ ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲದ ನಾಲ್ಕು ತಿಂಗಳ ಮರಿ. ಎಲ್ಲಿಂದ ಕಲಿಸೋಕೆ ಶುರು ಮಾಡಲಿ?

ಗುಂಡನ ಅಮ್ಮ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾಯಿ ಸಾಕ್ತಿರೋದು ನನಗೆ ಇದೇ ಮೊದಲು. ನಮ್ಮ ಗುಂಡ ಲ್ಯಾಬ್ರಡಾರ್ ಗಂಡುಮರಿ, ನಾಳೆಗೆ ಸರಿಯಾಗಿ 16 ವಾರ ತುಂಬುತ್ತೆ. ಎಂಟನೇ ವಾರದಲ್ಲಿ ಮನೆಗೆ ಬಂದವನು. ಮುದ್ದಿಗೂ ಕಮ್ಮಿಯಿಲ್ಲ, ಬುದ್ಧಿಗೂ ಕಮ್ಮಿಯಿಲ್ಲ. ಆದರೆ ಇಪ್ಪತ್ನಾಲ್ಕು ಗಂಟೆಯೂ ಊಟದ್ದೇ ಧ್ಯಾನ.

ಬಟ್ಟಲು ಕೆಳಗಿಟ್ಟರೆ ಅರ್ಧ ನಿಮಿಷದಲ್ಲಿ ಖಾಲಿ. ಆಮೇಲೆ ಆ ಖಾಲಿ ಬಟ್ಟಲನ್ನೇ ನೆಕ್ಕುತ್ತಾ ನೆಕ್ಕುತ್ತಾ ಅಡುಗೆಮನೆಯಿಂದ ಬಾಗಿಲ ತನಕ ತಳ್ಳಿಕೊಂಡು ಹೋಗ್ತಾನೆ. ಡಬ್ಬಿ ಮುಚ್ಚಳ ಟಕ್ ಅಂದ್ರೆ ಸಾಕು, ಎಂಥ ನಿದ್ದೆಯಲ್ಲಿದ್ದರೂ ಎದ್ದು ಕಾಲ ಬಳಿ ಹಾಜರ್. ಕುರ್ಚಿ ಹತ್ತಿ ಮೇಜಿನ ಮೇಲಿದ್ದ ಬ್ರೆಡ್ ಎಳೆದು ಕವರಿನ ಸಮೇತ ತಿಂದಿದ್ದಾನೆ. ವಾಕಿಂಗ್ ಹೋದರೆ ಮೂಗು ನೆಲ ಬಿಟ್ಟು ಏಳೋದೇ ಇಲ್ಲ. ಕಾಗದ, ಕಡ್ಡಿ, ಕಲ್ಲು, ಏನು ಸಿಕ್ಕರೂ ಬಾಯಿಗೆ. ಬೇಡ ಅಂತ ಕೂಗಿದರೆ ಇನ್ನೂ ಗಬಗಬ ಅಗಿಯುತ್ತಾನೆ.

ನಿನ್ನೆ ಆದದ್ದು ಮನಸ್ಸಿಂದ ಹೋಗ್ತಿಲ್ಲ. ಕಸದ ಬುಟ್ಟಿಯಿಂದ ಎಣ್ಣೆ ಒರೆಸಿದ ಟಿಶ್ಯೂ ಕಚ್ಚಿಕೊಂಡು ಓಡಿದ. ನಾನೂ ಹಿಂದೆ ಓಡಿ, ಸೋಫಾ ಮೂಲೆಯಲ್ಲಿ ಹಿಡಿದು, ಬಾಯಿಗೆ ಕೈ ಹಾಕಿದೆ. ಗುರ್ ಅಂದ. ಮೊದಲ ಸಲ. ಅಂದವನೇ ಟಿಶ್ಯೂ ನುಂಗಿಬಿಟ್ಟ. ಸಿಟ್ಟು ತಡೆಯಲಾಗದೆ ಜೋರಾಗಿ ಗದರಿಬಿಟ್ಟೆ. ಕಿವಿ ಹಿಂದಕ್ಕೆ ಒತ್ತಿ, ಹೊಟ್ಟೆ ನೆಲಕ್ಕೆ ತಾಗಿಸಿ ಮಲಗಿದ. ಪಾಪ, ತಪ್ಪು ಗೊತ್ತಾಯ್ತು ಅಂದುಕೊಂಡೆ. ಅರ್ಧ ಗಂಟೆ ಕಳೆದಿಲ್ಲ, ಮತ್ತೆ ಅದೇ ಬುಟ್ಟಿ ಹತ್ರ.

ಮನೆಯವರು "ನಾಯಿ ಬಾಲ ಡೊಂಕು, ಬಿಡು" ಅಂತಾರೆ. ಅತ್ತೆಗೆ ಅವನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಕರುಳು ಚುರ್ ಅನ್ನುತ್ತೆ, ತಟ್ಟೆಯಿಂದಲೇ ಒಂದು ತುಂಡು ಹಾಕ್ತಾರೆ. ಇವನಿಗೆ ನಿಜವಾಗಲೂ ಹಸಿವಾ? ಗುರ್ ಅಂದದ್ದು ಮುಂದೆ ಕಚ್ಚೋ ಲಕ್ಷಣವಾ? ತಿಳಿದವರು ದಯವಿಟ್ಟು ಹೇಳಿ.

ಒದ್ದೆಮೂಗು · ಭಾನುವಾರ ರಾತ್ರಿ

ಅಕ್ಕ, ತರಬೇತಿ ಮಾತು ಆಮೇಲೆ. ಮೊದಲು ಜಂತುಹುಳದ ಔಷಧಿ ಯಾವಾಗ ಕೊಟ್ಟದ್ದು ನೋಡಿ. ನಮ್ಮ ಮರಿಗೂ ಹೀಗೇ ಎಷ್ಟು ತಿಂದರೂ ಸಾಲದ ಹಸಿವು ಇತ್ತು. ಹೊಟ್ಟೆ ಡೊಳ್ಳಿನ ಹಾಗೆ, ಬೆನ್ನು ಮಾತ್ರ ಮೂಳೆ ಮೂಳೆ. ಎರಡು ಸಲ ಔಷಧಿ ಬಿದ್ದ ಮೇಲೆ ಹಸಿವು ಅರ್ಧಕ್ಕೆ ಇಳಿಯಿತು.

ಬಿಳಿಕೋಟು · ಸೋಮವಾರ ಬೆಳಿಗ್ಗೆ

ನಾನು ಪಶುವೈದ್ಯೆ. ಒದ್ದೆಮೂಗು ಹೇಳಿದ್ದು ಸರಿಯಾದ ಮೊದಲ ಹೆಜ್ಜೆ. ಮರಿಗಳಿಗೆ ದುಂಡುಹುಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ, ಆಮೇಲೆ ಹಾಲಿನ ಮೂಲಕವೂ ಬರುತ್ತದೆ. ಹಾಗಾಗಿ ಶುಚಿಯಾದ ಮನೆಯ ಮರಿಗೂ ಇರಬಹುದು. ಹುಳ ಇಲ್ಲ, ಮಲ ಗಟ್ಟಿಯಾಗಿದೆ, ತೂಕ ವಾರವಾರ ಏರುತ್ತಿದೆ ಅಂತಾದರೆ ಆತಂಕ ಬೇಡ.

ನಿಜವಾಗಲೂ ಹಸಿವಾ ಅಂತ ಕೇಳಿದಿರಿ. ಉತ್ತರ ಬಟ್ಟಲಲ್ಲಿಲ್ಲ, ಮೈಮೇಲಿದೆ. ಪಕ್ಕೆಲುಬಿನ ಮೇಲೆ ಬೆರಳು ಆಡಿಸಿ. ಒತ್ತದೆಯೇ ಎಲುಬು ಒಂದೊಂದಾಗಿ ಸಿಗಬೇಕು, ಆದರೆ ದೂರದಿಂದ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ಸೊಂಟ ಸ್ವಲ್ಪ ಒಳಕ್ಕೆ ಹೋಗಿರಬೇಕು. ಹಾಗಿದ್ದರೆ ಕೊಡುತ್ತಿರುವುದು ಸಾಕು, ಕಣ್ಣು ಏನೇ ಹೇಳಲಿ.

ಲ್ಯಾಬ್ರಡಾರ್ ವಿಷಯದಲ್ಲಿ ಒಂದು ಮಾತು ಗೊತ್ತಿರಲಿ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಲೀನರ್ ರಾಫನ್ ಅವರ ತಂಡ ಈ ತಳಿಯಲ್ಲಿ ಪಿಒಎಂಸಿ ಅನ್ನುವ ಜೀನಿನ ಒಂದು ಸಣ್ಣ ತುಣುಕು ಕಳೆದುಹೋಗಿರುವುದನ್ನು ಕಂಡುಹಿಡಿಯಿತು. ಸುಮಾರು ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ ಇದು ಇರುತ್ತದೆ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ತಿಳಿಸುವ ದಾರಿಯೇ ಅಲ್ಲಿ ಮಂಕು. 2024ರಲ್ಲಿ ಅದೇ ತಂಡ ಇನ್ನೊಂದನ್ನೂ ತೋರಿಸಿತು: ಆ ನಾಯಿಗಳ ದೇಹ ಸುಮ್ಮನಿದ್ದಾಗ ಖರ್ಚು ಮಾಡುವ ಶಕ್ತಿಯೂ ಸುಮಾರು 25% ಕಡಿಮೆ. ಅಂದರೆ ಹಸಿವು ಜಾಸ್ತಿ, ಖರ್ಚು ಕಮ್ಮಿ. ಗುಂಡನಲ್ಲಿ ಅದು ಇದೆಯೋ ಇಲ್ಲವೋ ಪರೀಕ್ಷೆ ಮಾಡದೆ ಹೇಳಲಾಗದು. ಆದರೆ ಇಂಥ ಮರಿಯನ್ನು ದುರಾಸೆಯವನು ಅಂತ ಬೈಯುವುದು ಅನ್ಯಾಯ. ಅವನಿಗೆ ಅನ್ನಿಸುತ್ತಿರುವುದು ನಿಜವಾದ ಹಸಿವೇ, ದೇಹಕ್ಕೆ ಮಾತ್ರ ಅಷ್ಟು ಬೇಕಿಲ್ಲ.

ಆ ಮೊದಲ ಅಧ್ಯಯನದಲ್ಲೇ ಇನ್ನೊಂದು ಸಂಗತಿ ಹೊರಬಂತು. ಸಹಾಯಕ ನಾಯಿಗಳಾಗಿ ಆಯ್ಕೆಯಾದ ಲ್ಯಾಬ್‌ಗಳಲ್ಲಿ ಈ ಬದಲಾವಣೆ ಇದ್ದವು ಮುಕ್ಕಾಲು ಪಾಲು! ತಿಂಡಿಗಾಗಿ ಏನು ಬೇಕಾದರೂ ಕಲಿಯುವ ಮರಿಗಳೇ ತರಬೇತಿಯಲ್ಲಿ ಮುಂದೆ ಬಂದಿರಬೇಕು. ನಿಮಗೆ ಕಷ್ಟ ಅಂತ ಕಾಣುತ್ತಿರುವುದೇ ನಿಮ್ಮ ಕೈಲಿರುವ ದೊಡ್ಡ ಬಲ.

ಆರು ತಿಂಗಳ ತನಕ ದಿನಕ್ಕೆ ಮೂರು ಊಟ. ಬಹುಮಾನದ ತುಣುಕುಗಳೂ ಆ ದಿನದ ಲೆಕ್ಕದೊಳಗೇ ಬರಲಿ. ಬೇರೆ ತಿಂಡಿ ಒಟ್ಟು ಕ್ಯಾಲರಿಯ ಹತ್ತನೇ ಒಂದು ಭಾಗ ದಾಟುವುದು ಬೇಡ. ದೊಡ್ಡವರಿಗೂ ಇದನ್ನು ಹೇಳಿ: 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಒಂದಕ್ಕೆ ಜೊತೆಯದ್ದಕ್ಕಿಂತ ಕಾಲು ಭಾಗ ಕಡಿಮೆ ಉಣಿಸಿ ಜೀವನಪೂರ್ತಿ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವು ಸರಾಸರಿ ಎರಡು ವರ್ಷಕ್ಕೆ ಹತ್ತಿರ ಹೆಚ್ಚು ಬದುಕಿದವು, ಕೀಲುನೋವೂ ತಡವಾಗಿ ಬಂತು.

ಹಳೇ ಕಾವಲು · ಸೋಮವಾರ ಮಧ್ಯಾಹ್ನ

ಮೂವತ್ತು ವರ್ಷದಲ್ಲಿ ಐದು ನಾಯಿ ಸಾಕಿದ್ದೇನೆ ತಂಗಿ. ಇಷ್ಟೆಲ್ಲ ಲೆಕ್ಕ ಬೇಕಿಲ್ಲ. ನಾಯಿಗೆ ಯಜಮಾನ ಯಾರು ಅನ್ನೋದು ಮೊದಲು ತಿಳಿಯಬೇಕು. ನೀವು ಉಂಡ ಮೇಲೆ ಅದಕ್ಕೆ ಹಾಕಿ. ತಿನ್ನುವಾಗ ಬಟ್ಟಲಿಗೆ ಕೈ ಹಾಕಿ, ನಡುವೆ ಎತ್ತಿಕೊಳ್ಳಿ, ಗುರ್ ಅಂದರೆ ಸುತ್ತಿದ ಪೇಪರಿಂದ ಮೂತಿಗೆ ಒಂದು ಬಿಡಿ. ಗಿಡದಲ್ಲಿ ಬಗ್ಗದ್ದು ಮರದಲ್ಲಿ ಬಗ್ಗುವುದಿಲ್ಲ. ಈಗ ಸಡಿಲ ಬಿಟ್ಟರೆ ಮುಂದೆ ನಿಮಗೇ ಕಷ್ಟ.

ಮೂರನೇ ಮರಿ · ಸೋಮವಾರ ಸಂಜೆ

ಹಿರಿಯರು ಕಾಳಜಿಯಿಂದಲೇ ಹೇಳಿದ್ದಾರೆ, ನಾನೂ ಮೊದಲ ನಾಯಿಯನ್ನು ಹಾಗೇ ಬೆಳೆಸಿದವಳು. ಆದರೂ ಈ ಮಾತನ್ನು ಒಪ್ಪಲಾರೆ. ಗುಂಡನ ವಿಷಯದಲ್ಲಿ ಅದು ನೇರ ಅಪಾಯ.

ಯಜಮಾನಿಕೆಯ ಕಥೆ ಹುಟ್ಟಿದ್ದು ಬೋನಿನಲ್ಲಿ ಕೂಡಿಹಾಕಿದ, ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ನೋಡಿ. ಪ್ರಾಣಿಗಳ ವರ್ತನೆ ಅಧ್ಯಯನ ಮಾಡುತ್ತಿದ್ದ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದದ್ದು ಅದು. ಆ ಮಾತನ್ನು ಜನರ ಬಾಯಿಗೆ ತಂದವರಲ್ಲಿ ಒಬ್ಬರಾದ ತೋಳಗಳ ತಜ್ಞ ಡೇವಿಡ್ ಮೆಕ್ ಅವರೇ ಆಮೇಲೆ ಕಾಡಿನ ತೋಳಗಳ ಜೊತೆ ವರ್ಷಗಟ್ಟಲೆ ಕಳೆದು, 1999ರಲ್ಲಿ ತಿದ್ದಿ ಬರೆದರು: ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ. ಅಲ್ಲಿ ಪಟ್ಟಕ್ಕಾಗಿ ಕಾದಾಟ ಇಲ್ಲ. ನಮ್ಮ ಮರಿಯಂತೂ ತೋಳವೂ ಅಲ್ಲ.

ಈಗ ನಿಮ್ಮ ಮನೆಯ ಟಿಶ್ಯೂ ಪ್ರಸಂಗವನ್ನು ಗುಂಡನ ಕಡೆಯಿಂದ ನೋಡಿ. ಬುಟ್ಟಿಯಲ್ಲಿ ಅಮೂಲ್ಯವಾದದ್ದು ಸಿಕ್ಕಿತು. ಬಾಯಲ್ಲಿ ಹಿಡಿದ ತಕ್ಷಣ ಅಮ್ಮ ಓಡಿ ಬಂದಳು, ಮೂಲೆಗೆ ತಳ್ಳಿ ಬಾಯಿಂದ ಕಿತ್ತುಕೊಳ್ಳಲು ಬಂದಳು. ಕಲಿತದ್ದೇನು? ಕೈ ಹತ್ತಿರ ಬಂದರೆ ಸಿಕ್ಕಿದ್ದು ಹೋಗುತ್ತೆ, ಆದ್ದರಿಂದ ಬೇಗ ನುಂಗು. ಇನ್ನು ಗುರ್ ಅಂದದ್ದು ಕೆಟ್ಟತನ ಅಲ್ಲ, "ನನಗೆ ಭಯ ಆಗ್ತಿದೆ, ಹತ್ತಿರ ಬರಬೇಡ" ಅನ್ನುವ ಮಾತು. ಆ ಮಾತಿಗೇ ಹೊಡೆದರೆ ಭಯ ಹೋಗಲ್ಲ, ಮಾತು ಮಾತ್ರ ಹೋಗುತ್ತೆ. ಆಮೇಲೆ ಉಳಿಯೋದು ಹೇಳದೆ ಕಚ್ಚೋದು. ಊಟದ ನಡುವೆ ಬಟ್ಟಲು ಎತ್ತಿಕೊಳ್ಳೋದೂ ಅಷ್ಟೇ. ಬಟ್ಟಲ ಹತ್ತಿರ ಬರೋ ಮನುಷ್ಯನನ್ನು ನಂಬಬೇಡ ಅಂತ ನಾವೇ ಪಾಠ ಹೇಳಿಕೊಟ್ಟ ಹಾಗೆ.

ತಪ್ಪು ಗೊತ್ತಾಯ್ತು ಅಂದುಕೊಂಡಿರಲ್ಲ, ಆ ಮುಖದ ಬಗ್ಗೆಯೂ ಒಂದು ಮಾತು. ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೋವಿಟ್ಜ್ ಅವರ 2009ರ ಪ್ರಯೋಗದಲ್ಲಿ, ಯಜಮಾನರು ಗದರಿದಾಗ, ತಿನ್ನಬೇಡ ಅಂದ ತಿಂಡಿಯನ್ನು ಮುಟ್ಟದ ನಾಯಿಗಳೂ ಅದೇ ಅಪರಾಧಿ ಮುಖ ಮಾಡಿದವು. ಅಂದರೆ ಅದು ಪಶ್ಚಾತ್ತಾಪ ಅಲ್ಲ, ನಮ್ಮ ಸಿಟ್ಟಿಗೆ ಹೆದರಿದ ಮುಖ. ಅದಕ್ಕೇ ಅರ್ಧ ಗಂಟೆಯಲ್ಲಿ ಮತ್ತೆ ಬುಟ್ಟಿ ಹತ್ರ ಹೋದದ್ದು. ಬುಟ್ಟಿ ಕೆಟ್ಟದ್ದು ಅಂತ ಅವನಿಗೆ ಯಾರೂ ಹೇಳೇ ಇಲ್ಲ, ಅಮ್ಮ ಕೆಲವೊಮ್ಮೆ ಭಯ ಹುಟ್ಟಿಸ್ತಾಳೆ ಅಂತ ಮಾತ್ರ ಗೊತ್ತಾಗಿದೆ.

ನಾನು ಮಾಡೋದು ಬದಲಿ ವ್ಯಾಪಾರ. ಮೊದಲು ಅಷ್ಟೇನೂ ಆಸೆಯಿಲ್ಲದ ಆಟಿಕೆ ಬಾಯಲ್ಲಿದ್ದಾಗ ಶುರು. ಕಿತ್ತುಕೊಳ್ಳಬೇಡಿ. ಮೂಗಿನ ಹತ್ತಿರ ಒಳ್ಳೆಯ ತುಣುಕು ಹಿಡಿಯಿರಿ, ಬೇಯಿಸಿದ ಕೋಳಿಯ ಎಳೆಯಷ್ಟು ಸಾಕು. ಬಾಯಿ ತಾನೇ ತೆರೆಯುತ್ತೆ. ತೆರೆದ ಕ್ಷಣಕ್ಕೆ "ಕೊಡು" ಅನ್ನಿ, ತುಣುಕು ಕೊಡಿ. ಮುಖ್ಯವಾದ ಗುಟ್ಟು ಇಲ್ಲಿದೆ: ಅದು ತಿನ್ನುವಷ್ಟರಲ್ಲಿ ಆಟಿಕೆಯನ್ನು ಎತ್ತಿ ನೋಡಿ ವಾಪಸ್ ಕೊಟ್ಟುಬಿಡಿ. ಕೊಟ್ಟರೆ ಇನ್ನೊಂದೂ ಸಿಗುತ್ತೆ, ನಂದೂ ನನಗೇ ಬರುತ್ತೆ ಅಂತ ಹತ್ತಾರು ಸಲ ಅನುಭವವಾದ ಮರಿ, ಕದ್ದ ಕಾಲ್ಚೀಲವನ್ನು ತಾನೇ ತಂದು ಕಾಲ ಬಳಿ ಇಡುತ್ತೆ. ನನ್ನ ಮೂರನೇ ಮರಿ ಇಟ್ಟಿತು. ಆ ಸಂಜೆ ನನಗಾದ ಸಂತೋಷ ಹೇಳತೀರದು.

ಬಟ್ಟಲಿಗೂ ಇದೇ ರೀತಿ. ಅವನು ತಿನ್ನುವಾಗ ದೂರದಿಂದ ನಡೆದು ಬಂದು, ಬಟ್ಟಲಲ್ಲಿರುವುದಕ್ಕಿಂತ ರುಚಿಯಾದದ್ದು ಒಂದು ಹಾಕಿ, ಹಿಂದೆ ತಿರುಗಿ ಹೋಗಿಬಿಡಿ. ದಿನಕ್ಕೆ ಒಂದೆರಡು ಸಲ ಸಾಕು. ನಿಮ್ಮ ಹೆಜ್ಜೆ ಸದ್ದಿಗೆ ಮೈ ಬಿಗಿಯೋ ಬದಲು ಬಾಲ ಆಡಲು ಶುರುವಾಗುತ್ತೆ.

ಬಿಳಿಕೋಟು · ಸೋಮವಾರ ರಾತ್ರಿ

ಮೂರನೇ ಮರಿ ಹೇಳಿದ ಒಂದೊಂದು ಮಾತಿಗೂ ನನ್ನ ಸಹಮತ. 2020ರಲ್ಲಿ ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳನ್ನು ಹೋಲಿಸಿ ನೋಡಿದ್ದರು. ಗದರಿ, ಜಗ್ಗಿ ಕಲಿಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳೂ, ಪಾಠದ ನಂತರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಅಂಶವೂ ಹೆಚ್ಚು ಕಂಡವು.

ನಾಲ್ಕು ಕಾಲು · ಮಂಗಳವಾರ ಬೆಳಿಗ್ಗೆ

ಕಸಿದುಕೊಳ್ಳುವ ಚಟಕ್ಕೆ ನನಗೆ ಕೆಲಸ ಮಾಡಿದ್ದು ಮುಷ್ಟಿ ಆಟ. ಒಂದು ಸಲ ನಡೆದದ್ದನ್ನು ಹಾಗೇ ಹೇಳ್ತೀನಿ, ನೀವೂ ನೆಲದ ಮೇಲೆ ಕೂತು ಮಾಡಿ ನೋಡಿ.

ಒಣ ಆಹಾರದ ಆರೇಳು ಕಾಳು ಮುಷ್ಟಿಯಲ್ಲಿ ಹಿಡಿದು ಮರಿಯ ಮುಂದೆ ಚಾಚಿದೆ. ಮೊದಲು ಮೂಗು ಬಂತು, ತಣ್ಣಗೆ. ಆಮೇಲೆ ನಾಲಿಗೆ. ಬೆರಳ ಸಂದಿಗೆಲ್ಲ ತೂರಿಸಿ ನೆಕ್ಕಿತು. ಆಮೇಲೆ ಮುಂದಿನ ಪುಟ್ಟ ಹಲ್ಲುಗಳಿಂದ ಗಿಣ್ಣಿನ ಚರ್ಮ ಚಿವುಟಿತು. ಪಂಜದಿಂದ ಕೆರೆಯಿತು. ನಾನು ಮಾತಾಡಲಿಲ್ಲ, ಕೈ ಎಳೆದುಕೊಳ್ಳಲೂ ಇಲ್ಲ. ಹೆಚ್ಚುಕಮ್ಮಿ ಒಂದೂವರೆ ನಿಮಿಷ. ಕೊನೆಗೆ ಸೋತು, ಮುಖ ಒಂದು ಬೆರಳಷ್ಟು ಹಿಂದಕ್ಕೆ ತೆಗೆದುಕೊಂಡಿತು. ಆ ಕ್ಷಣಕ್ಕೇ "ಹಾಂ!" ಅಂದು ಇನ್ನೊಂದು ಕೈಯಿಂದ ಒಂದು ಕಾಳು ಕೊಟ್ಟೆ. ಮರಿ ಬೆರಗಾಗಿ ನನ್ನ ಮುಖ ನೋಡಿತು. ಎರಡನೇ ಸಲ ಇಪ್ಪತ್ತು ಸೆಕೆಂಡು. ಐದನೇ ಸಲಕ್ಕೆ ಮುಷ್ಟಿ ಚಾಚಿದ ಕೂಡಲೇ ಹಿಂದೆ ಸರಿದು ಕೂತಿತು. ಯಾರೂ ಕೂರು ಅಂದಿರಲಿಲ್ಲ.

ಆಮೇಲೆ ಅಂಗೈ ಬಿಚ್ಚಿಟ್ಟು ಮಾಡಿ. ಮೂತಿ ಬಂದರೆ ಮುಚ್ಚಿ, ಸರಿದರೆ ಬಿಚ್ಚಿ. ಅದಾದ ಮೇಲೆ ನೆಲದ ಮೇಲೆ, ಅಂಗೈ ಮರೆ ಮಾಡಿ. "ಬಿಡು" ಅನ್ನುವ ಪದ ಕಡೆಗೆ ಸೇರಿಸಿ, ಅದು ಬಿಡೋದನ್ನು ಕಲಿತ ಮೇಲೆ. ಕಲಿಯದ ಕೆಲಸಕ್ಕೆ ಹೆಸರಿಟ್ಟು ನೂರು ಸಲ ಕೂಗಿದರೆ ಆ ಪದ ಬರೀ ಗದ್ದಲ ಆಗುತ್ತೆ ಅಷ್ಟೇ. ಇನ್ನೊಂದು: ಬಿಟ್ಟ ತುಣುಕನ್ನೇ ಬಹುಮಾನ ಕೊಡಬೇಡಿ, ಬೇರೆಯದನ್ನು ಕೊಡಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಕಾದರೆ ಬಿದ್ದದ್ದೂ ನಂದೇ ಅಂತ ಲೆಕ್ಕ ಹಾಕುತ್ತೆ. ರಸ್ತೆಯಲ್ಲಿ ಬಿದ್ದ ಎಲುಬಿನ ಮುಂದೆ ಆ ಲೆಕ್ಕ ಕೆಟ್ಟದ್ದು.

ಒಂದು ಪಾಠ ಮೂರ್ನಾಲ್ಕು ನಿಮಿಷ ಮೀರಬಾರದು. ದಿನಕ್ಕೆ ನಾಲ್ಕೈದು ಸಲ ಮಾಡಿ, ಅದು ಗೆದ್ದಾಗಲೇ ನಿಲ್ಲಿಸಿ.

ಗುಂಡನ ಅಮ್ಮ · ಬುಧವಾರ ರಾತ್ರಿ

ಎಲ್ಲರಿಗೂ ಮನಸಾರೆ ಧನ್ಯವಾದ. ಜಂತುಹುಳದ ಪರೀಕ್ಷೆ ಆಯ್ತು, ಏನೂ ಇಲ್ಲ. ಪಕ್ಕೆಲುಬು ಬೆರಳಿಗೆ ಸಿಗುತ್ತೆ. ಅಂದರೆ ಅಳತೆ ಸರಿಯಾಗೇ ಇದೆ.

ಮುಷ್ಟಿ ಆಟ ಮೊದಲ ದಿನವೇ ಬಂತು! ಆದರೆ ಎರಡು ತೊಂದರೆ. ಒಂದು, ಕೈಯಲ್ಲಿ ತಿಂಡಿ ಕಂಡರೆ ಮಾತ್ರ ಕೂರ್ತಾನೆ, ಬರ್ತಾನೆ. ಬರಿಗೈ ತೋರಿಸಿದರೆ ನನ್ನನ್ನೇ ದಾಟಿಕೊಂಡು ಹೋಗ್ತಾನೆ. ಎರಡು, ಅತ್ತೆಗೆ ಹೇಗೆ ಹೇಳೋದು ತಿಳೀತಿಲ್ಲ. ಅವರ ಪ್ರೀತಿಗೆ ಅಡ್ಡ ಬರೋಕೆ ನನಗೆ ಇಷ್ಟ ಇಲ್ಲ.

ನಾಲ್ಕು ಕಾಲು · ಬುಧವಾರ ರಾತ್ರಿ

ತಿಂಡಿ ತೋರಿಸಿ ಕೆಲಸ ಮಾಡಿಸೋದು ಬೇರೆ, ಕೆಲಸ ಮಾಡಿದ ಮೇಲೆ ತಿಂಡಿ ಕೊಡೋದು ಬೇರೆ. ಮೊದಲನೆಯದು ಆಮಿಷ, ಎರಡನೆಯದು ಸಂಬಳ. ತುಣುಕು ಹಿಡಿದು ಕೂರಿಸೋದು ಎರಡು ಮೂರು ಸಲಕ್ಕೆ ಮಾತ್ರ. ನಾಲ್ಕನೇ ಸಲ ಕೈ ಅದೇ ರೀತಿ ಮೇಲೆತ್ತಿ, ಆದರೆ ಬರಿಗೈ. ಕೂತ ಕ್ಷಣ "ಹಾಂ" ಅಂದು, ಜೇಬಿನಿಂದಲೋ ಮೇಜಿನ ಮೇಲಿನ ಡಬ್ಬಿಯಿಂದಲೋ ತೆಗೆದು ಕೊಡಿ. ತಿಂಡಿ ಎಲ್ಲಿಂದ ಬರುತ್ತೆ ಅಂತ ಅವನಿಗೆ ಕಾಣಲೇಬಾರದು. ಕಾಣದಿದ್ದರೂ ಬರುತ್ತೆ ಅಂತ ನಂಬಿಕೆ ಹುಟ್ಟಬೇಕು.

ಚೆನ್ನಾಗಿ ಬಂದ ಪಾಠಕ್ಕೆ ಪ್ರತಿ ಸಲ ಕೊಡೋದು ಬಿಟ್ಟು ಒಮ್ಮೆ ಎರಡಕ್ಕೆ, ಒಮ್ಮೆ ಐದಕ್ಕೆ, ಒಮ್ಮೆ ಒಂದಕ್ಕೇ ಮೂರು ತುಣುಕು ಹೀಗೆ ಮಾಡಿ. ಯಾವಾಗ ಬರುತ್ತೋ ಗೊತ್ತಿಲ್ಲದ ಬಹುಮಾನಕ್ಕೆ ಪ್ರಾಣಿ ಬಹಳ ಹೊತ್ತು ಬಿಡದೆ ಪ್ರಯತ್ನಿಸುತ್ತೆ. ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲೇ ಪಾರಿವಾಳಗಳ ಮೇಲಿನ ಪ್ರಯೋಗಗಳಿಂದ ಇದನ್ನು ವಿವರವಾಗಿ ತೋರಿಸಿದ್ದರು.

ನಿಮ್ಮ ಅತ್ತೆಯವರ ವಿಷಯಕ್ಕೂ ಇದೇ ಉತ್ತರ ನೋಡಿ. ಹತ್ತು ಊಟದಲ್ಲಿ ಒಂದು ಸಲ ತಟ್ಟೆಯಿಂದ ತುಂಡು ಬಿದ್ದರೂ, ಗುಂಡ ಹತ್ತೂ ಊಟಕ್ಕೆ ಕಾಯ್ತಾನೆ. ದಿನಾ ಕೊಡೋದಕ್ಕಿಂತ ಅಪರೂಪಕ್ಕೆ ಕೊಡೋದರಿಂದಲೇ ಬೇಡುವ ಚಟ ಗಟ್ಟಿಯಾಗುತ್ತೆ.

ಅಜ್ಜಿಮನೆ · ಗುರುವಾರ ಬೆಳಿಗ್ಗೆ

ಅತ್ತೆ ವಿಷಯಕ್ಕೆ ನಾನು ಉತ್ತರಿಸ್ತೀನಿ, ಯಾಕಂದ್ರೆ ನಮ್ಮ ಮನೇಲಿ ತಟ್ಟೆಯಿಂದ ಹಾಕ್ತಿದ್ದವಳು ನಾನೇ. ವಯಸ್ಸು ಎಪ್ಪತ್ತು ದಾಟಿದೆ. ಕೊಡಬೇಡಿ ಅಂದ್ರೆ ನಮಗೆ ನೋವಾಗುತ್ತೆ ಕಣಮ್ಮ. ಕೊಡೋದು ಬಿಡಿಸಬೇಡ, ಕೊಡೋ ಜಾಗ ಬದಲಾಯಿಸು. ನನ್ನ ಸೊಸೆ ಒಂದು ಸಣ್ಣ ಡಬ್ಬಿಗೆ ಆ ದಿನದ ಪಾಲಿನ ಒಂದಷ್ಟು ಕಾಳು ಹಾಕಿ ನನ್ನ ಕೈಗಿಟ್ಟಳು. "ಅಮ್ಮ, ನಾವು ಊಟ ಮಾಡುವಾಗ ಮರಿ ಆ ಚಾಪೆ ಮೇಲೆ ಮಲಗಿದ್ರೆ ನೀವೇ ಅಲ್ಲಿಗೆ ಹೋಗಿ ಕೊಡಿ, ಮೇಜಿನ ಹತ್ರ ಬಂದ್ರೆ ಮಾತ್ರ ನೋಡಬೇಡಿ" ಅಂದಳು. ಅವತ್ತಿಂದ ಅದು ನನ್ನ ಕೆಲಸ. ಮರಿ ಚಾಪೆ ಮೇಲಿಂದಲೇ ನನ್ನ ಮುಖ ನೋಡುತ್ತೆ. ನನಗೂ ಕೊಟ್ಟ ತೃಪ್ತಿ ಸಿಗುತ್ತೆ.

ಮೊದಲ ವಾರ ಬಹಳ ಕಷ್ಟ ಆಗುತ್ತೆ, ಹೇಳಿರ್ತೀನಿ. ಸಿಗ್ತಿದ್ದದ್ದು ಸಿಗದೇ ಹೋದಾಗ ಮರಿ ಇನ್ನೂ ಜೋರಾಗಿ ಕುಂಯ್‌ಗುಟ್ಟಿತು, ಬೊಗಳಿತು, ಮೊಣಕಾಲಿಗೆ ಪಂಜ ಇಟ್ಟಿತು. ನಾಲ್ಕನೇ ದಿನ ನನ್ನ ಕಣ್ಣಲ್ಲಿ ನೀರು. ಆವತ್ತು ಸೋತು ಒಂದು ತುಂಡು ಹಾಕಿದ್ರೆ, ಇಷ್ಟು ಜೋರಾಗಿ ಬೊಗಳಿದ್ರೆ ಸಿಗುತ್ತೆ ಅಂತ ಕಲಿಸಿದ ಹಾಗಾಗ್ತಿತ್ತು. ಸೊಸೆ ನನ್ನ ಕೈ ಹಿಡ್ಕೊಂಡು ಕೂತಿದ್ದಳು. ಆರನೇ ದಿನಕ್ಕೆ ಇಳೀತು.

ಒದ್ದೆಮೂಗು · ಗುರುವಾರ ಮಧ್ಯಾಹ್ನ

ಅಜ್ಜಿಮನೆ ಅಮ್ಮನ ಮಾತು ಓದಿ ಮನಸ್ಸು ತುಂಬಿ ಬಂತು.

ನನ್ನದೂ ಒಂದೆರಡು ಮಾತು ಸೇರಿಸ್ತೀನಿ. ಬಟ್ಟಲನ್ನೇ ಕೆಲವು ದಿನ ಮರೆತುಬಿಡಿ. ಬೆಳಗಿನ ಪಾಲು ಪೂರ್ತಿ ಪಾಠದ ಸಂಬಳ. ಮಧ್ಯಾಹ್ನದ್ದು ಹಳೇ ಟವೆಲ್ ಮೇಲೆ ಚೆಲ್ಲಿ, ಸುತ್ತಿ, ಗಂಟು ಹಾಕದೆ ಕೊಡಿ. ಮೂಗಿನಿಂದ ಬಿಚ್ಚಿ ಬಿಚ್ಚಿ ಹುಡುಕಿ ತಿನ್ನೋಕೆ ಹತ್ತು ಹದಿನೈದು ನಿಮಿಷ ಹಿಡಿಯುತ್ತೆ. ಅರ್ಧ ನಿಮಿಷದಲ್ಲಿ ನುಂಗೋ ಮರಿಗೆ ಅಷ್ಟು ಹೊತ್ತಿನ ಊಟ ಅಂದ್ರೆ ಹಬ್ಬ. ಮುಗಿಸಿದ ಮೇಲೆ ಮಲಗಿಬಿಡುತ್ತೆ. ಟವೆಲನ್ನೇ ಅಗಿಯೋ ಮರಿಯಾದರೆ ಮಾತ್ರ ಬೇಡ, ಒಣ ನೆಲದಲ್ಲೇ ಚೆಲ್ಲಿ. ಕಸದ ಬುಟ್ಟಿಗೆ ಮುಚ್ಚಳ ಹಾಕಿ, ಕುರ್ಚಿಗಳನ್ನು ಮೇಜಿನೊಳಕ್ಕೆ ತಳ್ಳಿ. ಕದ್ದದ್ದು ಒಮ್ಮೆ ದಕ್ಕಿದರೂ ಅದೇ ದೊಡ್ಡ ಬಹುಮಾನ. ರುಚಿ ಕಂಡ ಬೆಕ್ಕಿನ ಮಾತು ನಾಯಿಗೂ ಸರಿ.

ಮರಿ ದಿನಕ್ಕೆ ಹದಿನೆಂಟು ಗಂಟೆಯಾದರೂ ಮಲಗುತ್ತಾ ನೋಡಿ. ನಿದ್ದೆಗೆಟ್ಟ ಮರಿಯ ತುಂಟಾಟಕ್ಕೆ ಪಾಠ ಮದ್ದಲ್ಲ. ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳೋಕೂ ಶುರು, ವಸಡು ತುರಿಸುತ್ತೆ. ಒದ್ದೆ ಮಾಡಿ ಫ್ರಿಜ್‌ನಲ್ಲಿಟ್ಟ ಗಟ್ಟಿ ಆಟಿಕೆ ಕೊಡಿ.

ಬಿಳಿಕೋಟು · ಗುರುವಾರ ರಾತ್ರಿ

ಹೊರಗೆ ಸಿಕ್ಕಿದ್ದು ತಿನ್ನುವ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ಅದೇ ನನಗೆ ಹೆಚ್ಚು ಚಿಂತೆ, ಏಕೆಂದರೆ ಕಲಿಯುವ ತನಕ ಮರಿ ಬದುಕಿರಬೇಕಲ್ಲ.

ಚಾಕೊಲೇಟ್‌ನಲ್ಲಿ ಥಿಯೋಬ್ರೋಮಿನ್ ಅನ್ನುವ ರಾಸಾಯನಿಕ ಇದೆ, ಕಪ್ಪಾದಷ್ಟೂ ಹೆಚ್ಚು. ಹೃದಯ, ನರ ಎರಡಕ್ಕೂ ಏಟು. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡ ಕೆಡಿಸುತ್ತವೆ, ಯಾವ ನಾಯಿಗೆ ಎಷ್ಟು ಅಂತ ಮೊದಲೇ ಹೇಳಲಾಗದು. ಈರುಳ್ಳಿ, ಬೆಳ್ಳುಳ್ಳಿ ಹಸಿಯಾದರೂ ಬೇಯಿಸಿದರೂ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಎಲ್ಲಕ್ಕಿಂತ ವೇಗ ಕ್ಸೈಲಿಟಾಲ್: ಸಕ್ಕರೆ ಬದಲು ಬಳಸುವ ಈ ಸಿಹಿ ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿರುತ್ತದೆ, ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು. ಬೇಯಿಸಿದ ಎಲುಬು ಚೂಪಾಗಿ ಸೀಳುತ್ತದೆ. ಇವುಗಳಲ್ಲಿ ಯಾವುದನ್ನು ತಿಂದರೂ ಲಕ್ಷಣ ಬರಲಿ ಅಂತ ಕಾಯಬೇಡಿ, ತಕ್ಷಣ ವೈದ್ಯರಿಗೆ ಕರೆ ಮಾಡಿ. ಮನೆಯಲ್ಲಿ ಉಪ್ಪು ತಿನ್ನಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡವೇ ಬೇಡ, ಉಪ್ಪೇ ವಿಷವಾಗುತ್ತದೆ.

ಟಿಶ್ಯೂ ಸಾಮಾನ್ಯವಾಗಿ ಹಾಗೇ ಹೊರಬರುತ್ತದೆ. ಕಾಲ್ಚೀಲ, ಪ್ಲಾಸ್ಟಿಕ್, ಕಲ್ಲು ಕರುಳಿಗೆ ಅಡ್ಡ ಕೂರಬಹುದು. ಮತ್ತೆ ಮತ್ತೆ ವಾಂತಿ, ಊಟ ಬೇಡ ಅನ್ನುವುದು, ಮಂಕಾಗಿ ಮಲಗುವುದು, ಮಲ ನಿಲ್ಲುವುದು ಅದರ ಲಕ್ಷಣ. ಊಟದ ಹುಚ್ಚಿನ ಮರಿ ಬಟ್ಟಲಿಂದ ಮುಖ ತಿರುಗಿಸಿದರೆ ಅದನ್ನೇ ಗಂಭೀರವಾಗಿ ತೆಗೆದುಕೊಳ್ಳಿ.

ವಾಕಿಂಗ್‌ನಲ್ಲಿ ಅವನು ಎತ್ತಿಕೊಳ್ಳುವ ಮುಂಚೆ ನೀವು ನೋಡಬೇಕು. ನೆಲ ಬಿಟ್ಟು ನಿಮ್ಮ ಮುಖ ನೋಡಿದಾಗಲೆಲ್ಲ ಒಂದು ತುಣುಕು. ಮೊದಲು ಅಂಗಳದಲ್ಲಿ, ಆಮೇಲೆ ಸ್ವಚ್ಛ ದಾರಿಯಲ್ಲಿ, ಕಡೆಗೆ ಆಕರ್ಷಣೆ ಇರುವ ಜಾಗದಲ್ಲಿ. ಚಟ ಬಹಳ ಗಟ್ಟಿಯಾಗಿದ್ದರೆ ಬುಟ್ಟಿಯಂಥ ಮೂತಿಕುಕ್ಕೆಯನ್ನು ನಿಧಾನವಾಗಿ, ಅದರೊಳಗೇ ತಿಂಡಿ ಕೊಟ್ಟು ಅಭ್ಯಾಸ ಮಾಡಿಸಿ. ಅದರಲ್ಲಿ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು. ಅದು ಶಿಕ್ಷೆಯಲ್ಲ.

ಹಳೇ ಕಾವಲು · ಶುಕ್ರವಾರ ರಾತ್ರಿ

ಎರಡು ಮೂರು ದಿನ ಇದನ್ನೆಲ್ಲ ಓದುತ್ತಾ ಇದ್ದೆ. ಒಂದು ವಿಷಯ ಹೇಳಬೇಕು ಅನ್ನಿಸಿತು. ನನ್ನ ಎರಡನೇ ನಾಯಿ ಬಟ್ಟಲ ಹತ್ತಿರ ಯಾರು ಹೋದರೂ ಗುರ್ ಅನ್ನುತ್ತಿತ್ತು. ಹೊಡೆದು ಬಿಡಿಸಿದೆ. ಗುರ್ ಅನ್ನುವುದು ನಿಂತಿತು. ಗೆದ್ದೆ ಅಂದುಕೊಂಡೆ. ಆದರೆ ಅದು ಆಮೇಲೆ ನನ್ನ ಎದುರಿಗೆ ಊಟ ಮಾಡಲೇ ಇಲ್ಲ. ನಾನು ಒಳಗೆ ಹೋಗುವ ತನಕ ಬಟ್ಟಲ ಪಕ್ಕದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿತ್ತು. ಅದನ್ನು ವಿನಯ ಅಂತ ತಿಳಿದುಕೊಂಡಿದ್ದೆ. ಹನ್ನೊಂದು ವರ್ಷ ನಮ್ಮ ಜೊತೆ ಇತ್ತು.

ತಂಗಿ, ಪೇಪರ್ ಸುತ್ತಿ ಹೊಡೆಯಿರಿ ಅಂದಿದ್ದ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ.

ಮೂರನೇ ಮರಿ · ಶುಕ್ರವಾರ ರಾತ್ರಿ

ಅಣ್ಣ, ಇದನ್ನು ಬರೆದದ್ದಕ್ಕೆ ನಿಮಗೆ ನಮಸ್ಕಾರ. ನನ್ನ ಮೊದಲ ನಾಯಿಯೂ ಹಾಗೇ ನಿಲ್ಲುತ್ತಿತ್ತು.

ಗುಂಡನ ಅಮ್ಮ · ಆರು ವಾರದ ನಂತರ

ಹೇಳದೆ ಮಾಯವಾದೆ ಅಂದುಕೊಳ್ಳಬೇಡಿ. ನಡೆದದ್ದನ್ನು ಹೇಳೋಕೆ ಏನಾದರೂ ಇರಲಿ ಅಂತ ಕಾದೆ.

ಎಲ್ಲ ಸರಿಹೋಗಿಲ್ಲ. ಹೋದ ವಾರ ಬಾಗಿಲ ಬಳಿ ಬಿಟ್ಟ ಚೀಲದಿಂದ ಒಂದು ಇಡೀ ಕ್ಯಾರೆಟ್ ಎತ್ತಿ ಮಂಚದ ಕೆಳಗೆ ಹೋಗಿ ತಿಂದ. ಚೀಲ ಕೆಳಗಿಟ್ಟದ್ದು ನಾವು, ಹಾಗಾಗಿ ಅದು ಅವನ ಲೆಕ್ಕಕ್ಕಲ್ಲ. ಹೊರಗೆ ಹಕ್ಕಿ ಗರಿ ಕಂಡರೆ ಈಗಲೂ ನನ್ನ ಮಾತು ಕಿವಿಗೆ ಬೀಳಲ್ಲ. ನಡುವೆ ಒಂದು ವಾರ, ಕಲಿತದ್ದೆಲ್ಲ ಮರೆತವನ ಹಾಗೆ ಆಡಿದ. ಆಗ ಮುಷ್ಟಿ ಆಟವನ್ನು ಮೊದಲಿಂದ ಶುರು ಮಾಡಿದೆವು, ಎರಡೇ ದಿನದಲ್ಲಿ ನೆನಪಾಯ್ತು.

ಅತ್ತೆ ಈಗ ಡಬ್ಬಿ ಹಿಡ್ಕೊಂಡು ಚಾಪೆ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರ್ತಾರೆ. ಯಾರಾದರೂ ಮೇಜಿನಿಂದ ಹಾಕೋಕೆ ಕೈ ಚಾಚಿದರೆ ಮೊದಲು ಬೈಯೋದು ಅವರೇ. ಮನೆಯವರು ಬಾಲದ ಮಾತು ಎತ್ತೋದು ಬಿಟ್ಟಿದ್ದಾರೆ, ಟವೆಲ್ ಸುತ್ತೋದು ಅವರ ಕೆಲಸ.

ನಿನ್ನೆ ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಗುಂಡ ಬಂದು ನಿಂತ. ಬಾಯಿ ಮುಚ್ಚಿದೆ, ಕೆನ್ನೆ ಉಬ್ಬಿದೆ, ಬಾಲ ನಿಧಾನವಾಗಿ ಆಡ್ತಿದೆ. ನನ್ನ ಎದೆ ಧಸಕ್ ಅಂತು. ಓಡಲಿಲ್ಲ. ಅಲ್ಲೇ ಮಂಡಿಯೂರಿ ಅಂಗೈ ಚಾಚಿ "ಕೊಡು" ಅಂದೆ. ಒಂದು ಕ್ಷಣ ಯೋಚಿಸಿದ. ಆಮೇಲೆ ತಲೆ ಬಗ್ಗಿಸಿ ಅಂಗೈಗೆ ಬಿಟ್ಟ. ಬೆಚ್ಚಗೆ, ಜೊಲ್ಲಿನಿಂದ ತೊಯ್ದು ಮುದ್ದೆಯಾದ ಟಿಶ್ಯೂ. ಇಡೀ ಟಿಶ್ಯೂ, ಒಂದು ಚೂರೂ ಹರಿದಿರಲಿಲ್ಲ.

ಮೂರು ತುಣುಕು ಕೋಳಿ ಕೊಟ್ಟೆ. ತಿಂದು ಮುಗಿಸಿ ಮತ್ತೆ ಟಿಶ್ಯೂ ಕಡೆ ನೋಡಿದ, ವಾಪಸ್ ಸಿಗುತ್ತೇನೋ ಅಂತ. ಅದನ್ನು ಮಾತ್ರ ಕೊಡಲಾಗಲಿಲ್ಲ. ಅವನ ಹಗ್ಗದ ಆಟಿಕೆ ತಂದುಕೊಟ್ಟೆ, ಕಚ್ಚಿಕೊಂಡು ಚಾಪೆಗೆ ಹೋದ.